ರಾಕೆಟ್ಟಿನ ಚಿಲಕ

ಅಪ್ಪಾ,

ಮಂಡಿನೋವು ಹೇಗಿದೆ? ಶುಕ್ರವಾರ ನಮ್ಮ ರಾಕೆಟ್ ಹಾರೋದನ್ನ ಟಿವಿಯಲ್ಲಿ ನೋಡೋಕೆ ಬೀದಿಯವರನ್ನೆಲ್ಲ ಕರೆದಿದ್ದೀಯಂತೆ, ಅಮ್ಮ ಹೇಳಿದಳು. ಈ ಶುಕ್ರವಾರ ಬೇಡ ಅಂತ ಅವರಿಗೆ ಹೇಳಿಬಿಡು. ಕಾರಣ ಕೇಳಿದರೆ ಟಿವಿ ಕೆಟ್ಟಿದೆ ಅನ್ನು.

ಉಪಗ್ರಹವನ್ನು ಮೇಲೆ ಕಳಿಸಿದ ಮೇಲೆ ರಾಕೆಟ್ಟಿನ ಕೆಳಭಾಗ ವಾಪಸ್ಸು ಬಂದು ನಾಲ್ಕು ಕಾಲೂರಿ ನಿಲ್ಲಬೇಕು, ಮತ್ತೆ ಬಳಸೋಕೆ. ಬಿಚ್ಚಿಕೊಂಡ ಕಾಲು ಮಡಚಿಹೋಗದ ಹಾಗೆ ಹಿಡಿಯೋ ಚಿಲಕ ನನ್ನದು. ಮೂರು ತಿಂಗಳು ಪರೀಕ್ಷೆ ಮಾಡಿದೆವು, ಒಂದು ಸಲವೂ ಕೈಕೊಡಲಿಲ್ಲ. ಸರಿಯಿದೆ ಅಂತ ಸಹಿ ಹಾಕಿದೆ.

ಪರೀಕ್ಷೆ ಮಾಡಿದ್ದೆಲ್ಲ ಒಂದೇ ಕಾಲಿನ ಮೇಲೆ, ಅಪ್ಪಾ. ಬಳಸಿ ಬಳಸಿ ಅದರ ಚಿಲಕ ಸವೆದು ನುಣುಪಾಗಿತ್ತು. ರಾಕೆಟ್ಟಿಗೆ ಹಾಕಿರೋ ನಾಲ್ಕೂ ಹೊಸವು, ಧೂಳು ಹೊಕ್ಕೀತು ಅಂತ ಒಮ್ಮೆಯೂ ಬಿಚ್ಚಿ ನೋಡಿಲ್ಲ. ಇವತ್ತು ಬೆಳಿಗ್ಗೆ ಯಾಕೋ ತಡೆಯಲಾರದೆ ಉಗ್ರಾಣದಲ್ಲಿದ್ದ ಇನ್ನೊಂದು ಹೊಸ ಕಾಲನ್ನು ಬಿಚ್ಚಿಸಿದೆ. ಚಿಲಕ ಅರ್ಧಕ್ಕೇ ನಿಂತಿತು.

ನೀನು ಯಾರ ಮನೆಗೆ ಹೊಸ ಬಾಗಿಲು ಕೂರಿಸಿದರೂ ನೂರು ಸಲ ಚಿಲಕ ಹಾಕಿ ತೆಗೆದ ಮೇಲೇ ಅವರಿಗೆ ಒಪ್ಪಿಸ್ತಿದ್ದೆ. ಪಕ್ಕದಲ್ಲಿ ಕೂತು ಎಣಿಸ್ತಿದ್ದವಳು ನಾನು. ಇಷ್ಟೆಲ್ಲ ಓದಿ ಅದನ್ನೇ ಮರೆತೆ.

ದೊಡ್ಡ ಸಾಹೇಬರಿಗೆ ಇನ್ನೂ ಹೇಳಿಲ್ಲ. ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೇ ಇದನ್ನು ಬರೀತಿದ್ದೀನಿ. ಒಳಗೆ ಯಾರೋ ಮಾತಾಡ್ತಿದ್ದರು, ಅವರು ಹೋಗಲಿ ಅಂತ ಕಾದೆ. ಅವರು ಹೋಗಿ ಎಷ್ಟೋ ಹೊತ್ತಾಯಿತು. ಬಾಗಿಲು ತೆರೆದೇ ಇದೆ.

ನಿನ್ನ
ಲೆಕ್ಕದಮ್ಮ