ಹುಳ ಹಣ್ಣಾದ ವಾರದ ಎದೆನೋವು

ಅಪ್ಪ,

ಇಷ್ಟು ದಿನ ನಿನಗೆ ಬರೆಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಇಳಿಯುವ ಹಾಗೂ ಕಾಣುವುದಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದಿಕೋ.

ಯುಗಾದಿಗೆ ಬಂದಾಗ ರೇಷ್ಮೆ ಹುಳದ ಮನೆಯಲ್ಲಿ ನಿನ್ನ ಜೊತೆ ಸೊಪ್ಪು ಹಾಕುತ್ತಾ ನನ್ನ ಕೆಲಸದ ಬಗ್ಗೆ ಹೇಳಿದ್ದೆ, ನೆನಪಿದೆಯಾ? ದೊಡ್ಡ ನಕ್ಷತ್ರ ಸಿಡಿದು ಸಾಯುವಾಗ ಮೊದಲ ಒಂದೆರಡು ದಿನದ ಬೆಳಕನ್ನು ಹಿಡಿದು, ಬಣ್ಣ ಬಣ್ಣವಾಗಿ ಬಿಡಿಸಿ ನೋಡುತ್ತೇವೆ. ಸಾಯುವ ಮುಂಚೆ ಅದು ಹೊರಗೆ ಉಗುಳಿದ ಅನಿಲದ ಗುರುತು ಅಲ್ಲಿ ಸಣ್ಣ ಗೆರೆಗಳಾಗಿ ಕಾಣುತ್ತದೆ. ತಡವಾದರೆ ಸ್ಫೋಟವೇ ಆ ಅನಿಲವನ್ನು ಗುಡಿಸಿಹಾಕುತ್ತದೆ, ಗೆರೆ ಮಾಯ. ನೀನು ಕೈ ಕೊಡವಿ ಕೇಳಿದೆ, “ಹಂಗಾದ್ರೆ ಸಾಯಕ್ಕೆ ಮುಂಚೆ ಅದುಕ್ಕೂ ಮೈ ಸರಿಗಿರಾಕಿಲ್ವಾ?” ಹೌದು ಎಂದೆ. “ಮತ್ತೆ ಬಿರ್ರನೆ ನೋಡ್ಬೇಕು ಕಣಮ್ಮಿ. ಸಂಬಳ ಯಾತಕ್ಕೆ ಕೊಡ್ತಾರೆ ನಿಂಗೆ?” ಎಂದು ನೀನು ನಕ್ಕಿದ್ದೆ.

ಅಷ್ಟು ತಿಳಿದವನು ನಿನ್ನ ಎದೆನೋವನ್ನು ಯಾಕಪ್ಪ ಮುಚ್ಚಿಟ್ಟೆ?

ಮುಂದಿನ ಬೆಳೆಯಲ್ಲಿ ಹುಳ ಹಣ್ಣಾದ ವಾರವದು. ಹಣ್ಣಾಗಿ ಮೇವು ಬಿಟ್ಟ ಹುಳವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ, ಒಪ್ಪಿದೆ. ನೀನು ಎದೆ ಒತ್ತಿಕೊಂಡು ಗೋಡೆಗೊರಗಿ ಕೂತೆಯಂತೆ. ಅವ್ವ ಕನಕಪುರಕ್ಕೆ ಹೋಗೋಣ ಎಂದರೆ, “ಗ್ಯಾಸ್ಟ್ರಿಕ್ಕು ಕಣೆ, ಒಸಿ ಮಜ್ಜಿಗೆ ಕೊಡು. ಆಸ್ಪತ್ರೆಗೆ ಹೋಗ್ಬಂದು ಹುಳಿನ್ ಮನೆಗೆ ಕಾಲಿಕ್ಕಕ್ಕಾಯ್ತದಾ?” ಎಂದೆಯಂತೆ. ಆಸ್ಪತ್ರೆಗೆ ಹೋದವರು ಆ ಬೆಳೆ ಮುಗಿಯುವ ತನಕ ಹುಳ ಮುಟ್ಟಬಾರದು, ಅದು ನಿನ್ನಪ್ಪ ಮಾಡಿದ ಕಟ್ಟಲೆ. ಕೊನೆಗೆ ಸೂತಕವೇ ಮನೆಗೆ ಬಂತಲ್ಲ, ಆಗ ಹುಳ ಆರಿಸಿದ್ದು ಯಾರು? ಪಕ್ಕದ ಮನೆಯ ನಿಂಗಮ್ಮ. ಆ ಕೆಲಸ ಅವಳು ಮೊದಲೇ ಮಾಡುತ್ತಿದ್ದಳು, ನೀನು ಒಂದು ಮಾತು ಕೇಳಿದ್ದರೆ.

ಅವ್ವ ನನಗೆ ಫೋನ್ ಮಾಡುತ್ತೇನೆ ಎಂದಾಗ ಅವಳ ಬಾಯಿಗೂ ಬೀಗ ಹಾಕಿದೆ. “ಬ್ಯಾಡ, ಅಲ್ಲಿ ಯಾವ್ದೋ ಚುಕ್ಕಿ ಸಿಡ್ದೈತಂತೆ, ಮಗೀನ ಕೆಲ್ಸ ಕೆಡ್ತದೆ.” ಸಿಡಿದಿತ್ತು ಅಪ್ಪ. ಸಿಡಿದ ದಿನವೇ ದೂರದರ್ಶಕದವರ ಕಾಲು ಕೈ ಹಿಡಿದು ಅದರ ಬೆಳಕು ಪಡೆದೆ. ಗೆರೆಗಳು ಸ್ಪಷ್ಟವಾಗಿ ಸಿಕ್ಕವು. ಅಷ್ಟು ದೂರದ ನಕ್ಷತ್ರದ ಕಾಯಿಲೆಯ ಗುರುತು ನನಗೆ ಸಮಯಕ್ಕೆ ಸರಿಯಾಗಿ ತಲುಪಿತು. ಸಾತನೂರಿನಿಂದ ಬೆಂಗಳೂರು ಎಷ್ಟು ದೂರ, ಹೇಳು?

ತಿಥಿಗೆ ಬಂದವರೆಲ್ಲ “ಪುಣ್ಯಾತ್ಮ, ಯಾರ್ಗೂ ತೊಂದ್ರೆ ಕೊಡ್ದಂಗೆ ಹೋದ” ಎಂದರು. ನನಗೆ ಮೈಯೆಲ್ಲ ಉರಿಯಿತು. ಕೊಡಬೇಕಿತ್ತು ತೊಂದರೆ. ನನ್ನ ಕೆಲಸ ಕೆಡಿಸಬೇಕಿತ್ತು, ಅವ್ವನನ್ನು ಕನಕಪುರಕ್ಕೆ ಅಲೆಸಬೇಕಿತ್ತು, ಔಷಧಿ ಕಹಿ ಎಂದು ನಮ್ಮ ಮೇಲೆ ರೇಗಬೇಕಿತ್ತು. ಮಗಳು ಅಂತ ಒಬ್ಬಳು ಇದ್ದದ್ದು ಮತ್ತೆ ಯಾತಕ್ಕೆ? ಆ ನಕ್ಷತ್ರದ ಮೇಲೆ ಬರೆದ ಲೇಖನ ಅಚ್ಚಾಯಿತು. ಎಲ್ಲರೂ ಬೆನ್ನು ತಟ್ಟಿದರು. ನಾನು ಆ ಗೆರೆಗಳನ್ನು ನೋಡಿದಾಗಲೆಲ್ಲ ನಿನ್ನ ಮಜ್ಜಿಗೆ ಲೋಟ...

ಬಿಡು. ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಹೋದ ತಿಂಗಳು ಅವ್ವನಿಗೆ ಎದೆ ಹಿಡಿದುಕೊಂಡಿತು. ಆಗಲೂ ಹುಳ ಹಣ್ಣಾಗಿದ್ದವು, ನಿಂಗಮ್ಮ ಮಗಳ ಬಾಣಂತನಕ್ಕೆ ಮಾಗಡಿಗೆ ಹೋಗಿದ್ದಳು. ಅವ್ವ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಬಸ್ಸು ಹತ್ತಿ ಫೋನ್ ಮಾಡಿದಳು. “ಎದೆ ನೋಯ್ತೈತೆ ಕಣಮ್ಮಿ. ಕನಕಪುರದ ಆಸ್ಪತ್ರೆಗೆ ಹೊಂಟಿವ್ನಿ, ನೀನೂ ಬಾ.”

“ಹುಳ?” ಎಂದೆ, ನಿನ್ನ ಮಗಳಲ್ಲವೇ.

“ಹಾಳಾಗೋಗ್ಲಿ, ನೀನ್ ಬಾ.”

ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಬೆಳೆ ಪೂರ್ತಿ ಕೆಟ್ಟಿತು ಅಪ್ಪ. ಒಂದು ಗೂಡೂ ರಾಮನಗರದ ಮಾರುಕಟ್ಟೆಗೆ ಹೋಗಲಿಲ್ಲ.

ಅವ್ವ ಇದ್ದಾಳೆ.