ಚೀಲಕ್ಕೊಂದು, ನೀರಿಗೊಂದು

25-11-2024, ಸೋಮವಾರ. ಬೆಳಿಗ್ಗೆ 8.30
ವಾಕಿಂಗ್ ಆಯಿತು. ಸಕ್ಕರೆಯಿಲ್ಲದ ಕಾಫಿಯೂ ಆಯಿತು. ಶಾಲೆಯ ಗೇಟಿನೆದುರು ಬಸಮ್ಮನ ಗೂಡಂಗಡಿ. ಚಿಪ್ಸ್ ಪ್ಯಾಕೆಟ್ಟಿನ ಮಾಲೆ ಇಲ್ಲ, ಬಣ್ಣದ ಬಾಟಲಿ ಇಲ್ಲ. ಮೂರು ತಿಂಗಳಾಯಿತು. ಸಲಹೆ ನನ್ನದೇ — ಮಕ್ಕಳ ಬೊಜ್ಜು ಇಳಿಸಲು ಗೇಟಿನ ಬಳಿ ಇವುಗಳ ಮಾರಾಟ ನಿಲ್ಲಿಸಿ, ಮುಂಚೆ ತೂಗಿ, ಆಮೇಲೆ ತೂಗಿ, ಫಲ ಕಂಡರೆ ಮಾತ್ರ ಖಾಯಂ ಮಾಡಿ. ಪಂಚಾಯ್ತಿ ಅಧ್ಯಕ್ಷೆ ಕವನಾ ನನ್ನ ಹಳೆಯ ವಿದ್ಯಾರ್ಥಿನಿ, ಒಪ್ಪಿದಳು. ಉಳಿದ ಸದಸ್ಯರಿಗೆ ಓಪನ್ ಜಿಮ್ ಬೇಕಂತೆ. ಎಷ್ಟು ಯೋಜನೆ ನೋಡಿಲ್ಲ! 1998ರ ಹೊಗೆಯಿಲ್ಲದ ಒಲೆಯಲ್ಲಿ ಈಗ ಕೋಳಿ ಕಾವಿಗೆ ಕೂರುತ್ತದೆ. ಉಪಯೋಗವಾಯಿತೇ ಎಂದು ಒಬ್ಬನೂ ಕೇಳಲಿಲ್ಲ.
ಬಸಮ್ಮ ಕರೆದಳು. "ಬಾಳೆಹಣ್ಣು ಮಾರು ಅಂದ್ರಿ. ಮಾರಿದ್ದು ಮೂರು. ಮಂಗ ಹೊತ್ಕೊಂಡ್ ಹೋಗಿದ್ದು ಒಂದ್ ಗೊನೆ, ಮೇಷ್ಟ್ರೇ."

28-11, ಗುರುವಾರ
ಎರಡನೆಯ ತೂಕದ ಪಟ್ಟಿ ಬಂತು. ಅರವತ್ತೆರಡು ಮಕ್ಕಳು. ಸರಾಸರಿ 1.4 ಕೆ.ಜಿ. ಇಳಿಕೆ! ಕವನಾ ಫೋನ್: "ಗೆದ್ವಿ ಸಾರ್! ಹನ್ನೆರಡನೇ ತಾರೀಕು ಮೀಟಿಂಗು. ಖಾಯಂ ಮಾಡ್ಬಿಡಣ. ನೀವೇ ಮಾತಾಡಿ."

1-12, ಭಾನುವಾರ
ಪಟ್ಟಿ ಮತ್ತೆ ನೋಡಿದೆ. ಏನೋ ಸರಿಯಿಲ್ಲ. ದಪ್ಪ ಮಕ್ಕಳು ಇಳಿದರು, ಸರಿ. ಎಸ್ಟೇಟಿನ ಕೂಲಿ ಲೈನಿನ ಬಡಕಲು ಮಕ್ಕಳೂ ಅಷ್ಟೇ ಇಳಿದಿದ್ದಾರೆ. ಪ್ಯಾಕೆಟ್ ಕೊಂಡವರೇ ಅಲ್ಲ ಅವರು. ಇಳಿಯಲು ಮೈಯಲ್ಲಿ ಏನಿತ್ತು?

9-12, ಸೋಮವಾರ. ಸಂಜೆ
ಮೊದಲ ಸಲ ತೂಗಿದ್ದ ಆಸ್ಪತ್ರೆಯ ಯಂತ್ರ ಕೆಟ್ಟಿತ್ತಂತೆ. ಎಸ್ಟೇಟಿನದನ್ನು ತಂದು ಎರಡನೆಯ ಸಲ ತೂಗಿದವರು ಅಲ್ಲಿ ಲೆಕ್ಕ ಬರೆಯುವ ರೈಟರ್ ಗುರುವಯ್ಯ. ತೋಟಕ್ಕೇ ಹೋದೆ. ಕಾಫಿ ಹಣ್ಣಿನ ಕೊಯ್ಲು. ಆಳು ಮೂಟೆ ಇಟ್ಟಳು. ಯಂತ್ರದಲ್ಲಿ 44. ಗುರುವಯ್ಯ ಬರೆದದ್ದು 42.
"ಚೀಲಕ್ಕೊಂದು, ನೀರಿಗೊಂದು. ಒದ್ದೆ ಹಣ್ಣು, ಎರಡು ಕೆ.ಜಿ. ಕಳೀಬೇಕಲ್ಲ ಮೇಷ್ಟ್ರೇ."
"ಮಕ್ಕಳಿಗೂ ಕಳೆದ್ರಾ?"
ಪೆನ್ನು ಅಲ್ಲೇ ನಿಂತಿತು. "ಅಯ್ಯೋ... ಇಪ್ಪತ್ತಾರು ವರ್ಷದ ಕೈ ಮಾರಾಯ್ರೇ. ಹೆಸ್ರು ಕೂಗಿದ್ರು, ಬರ್ದೆ. ಪಾಪ, ಚೀಲ ಕೆಳಗಿಟ್ಟೇ ಹತ್ತಿದ್ವು!"
ಕಳೆದ ಎರಡು ಕೆ.ಜಿ. ಕೂಡಿಸಿದರೆ ಇಳಿಕೆಯಲ್ಲ, 0.6 ಏರಿಕೆ. ಸೋತೆವೇ? ಅದೂ ಗೊತ್ತಿಲ್ಲ. ಬೆಳೆಯುವ ಮಕ್ಕಳು ಏರಲೇಬೇಕು. ಎತ್ತರ ಅಳೆಯಲಿಲ್ಲ. ಪ್ಯಾಕೆಟ್ ನಿಲ್ಲಿಸದ ಇನ್ನೊಂದು ಶಾಲೆಯನ್ನು ಪಕ್ಕದಲ್ಲಿಟ್ಟು ನೋಡಲಿಲ್ಲ. ಊರಿಗೆಲ್ಲ ಪುರಾವೆ ಕೇಳುವ ನಾನು...

11-12, ಬುಧವಾರ
ಕವನಾಳಿಗೆ ಹೇಳಿದೆ. "ನೀವು ಬಾಯಿ ಬಿಡ್ದಿದ್ರೆ ನಾಳೆ ಪಾಸಾಗುತ್ತೆ ಸಾರ್. ಬಿಟ್ರೆ ಜಿಮ್ಮು ಬರುತ್ತೆ. ಜಿಮ್ಮಿಗೆ ಯಾವ ಪುರಾವೆ ಇದೆ, ಹೇಳಿ?"
ಅದೂ ನಿಜ. ಸುಳ್ಳು ತೂಕದಿಂದ ಒಳ್ಳೆಯ ಕೆಲಸ... ಒಳ್ಳೆಯದೆಂದು ಹೇಳಿದವರು ಯಾರು? ನಾನೇ.

12-12, ಗುರುವಾರ. ಮಧ್ಯಾಹ್ನ 3
ಮೀಟಿಂಗಿನಲ್ಲಿ ಎದ್ದು ನಿಂತೆ. ಗುರುವಯ್ಯನ ಹೆಸರೆತ್ತಲಿಲ್ಲ. ಪಟ್ಟಿ ತಪ್ಪು, ಫಲ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಎತ್ತರ ಸಮೇತ ಮತ್ತೆ ಅಳೆಯೋಣ ಎಂದೆ. ಯಾರೋ ನಕ್ಕರು. ಜಿಮ್ ಪಾಸಾಯಿತು. ಪುರಾವೆ ಯಾರೂ ಕೇಳಲಿಲ್ಲ.
ಮೆಟ್ಟಿಲ ಬಳಿ ಬಸಮ್ಮ. ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ.
"ಗೊತ್ತಿಲ್ದೇನೇ ಮೂರ್ ತಿಂಗ್ಳು ನನ್ನ ಅಂಗ್ಡಿ ಖಾಲಿ ಮಾಡ್ಸಿದ್ರಾ, ಮೇಷ್ಟ್ರೇ?"
ಮೆಟ್ಟಿಲಿಳಿದು ಮನೆಗೆ ಬಂದೆ. ನಾಳೆ ಗೇಟಿನ ಬಳಿ ಹೋಗಿ ಹೇಳಬೇಕು. ಹೇಳಬೇಕಾದದ್ದು ಇಷ್ಟೇ: ಬಸಮ್ಮ, ಹೌದು, ಗೊತ್ತಿಲ್ಲದೆಯೇ ಮಾಡಿಸಿದೆ, ತಪ್ಪು ನನ್ನದು.