ಎರಡೂ ಕಡೆಯ ಸಹಿ

ಭಾನುವಾರ, ಮಧ್ಯಾಹ್ನ

ಹಡಗಿನ ಎಂಜಿನ್ ಮೇಸ್ತ್ರಿಗಳಿಗೆ,

ನಿಮ್ಮ ಲಕೋಟೆ ತಲುಪಿತು. ವಿಚ್ಛೇದನದ ಅರ್ಜಿಯಲ್ಲಿ ಗಂಡನ ಸಹಿಯ ಜಾಗ, ಹೆಂಡತಿಯ ಸಹಿಯ ಜಾಗ ಎರಡೂ ಖಾಲಿ. ಜೊತೆಗೊಂದು ಚೀಟಿ: ಪವರ್ ಆಫ್ ಅಟಾರ್ನಿ ಹೇಗೂ ನಿನ್ನ ಹತ್ರಾನೇ ಇದೆಯಲ್ಲ, ನಂದೂ ನೀನೇ ಹಾಕ್ಬಿಡು. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ನೀವು ಸಮುದ್ರದ ಮೇಲಿದ್ದಷ್ಟು ಕಾಲವೂ ನೀರಿನ ಮೀಟರಿನಿಂದ ಹಿಡಿದು ಗ್ಯಾರೇಜಿನ ಕರಾರಿನ ತನಕ ನಿಮ್ಮ ಹೆಸರು ಬರೆದು, ಕೆಳಗೆ 'ಪರವಾಗಿ' ಎಂದು ಸಹಿ ಹಾಕಿದವಳು ನಾನೇ. ನನ್ನನ್ನು ಬಿಡುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದೀರಿ. ಅದು ರೂಢಿಯ ದೋಷವಿರಬೇಕು.

ಆದರೂ ಕಾಗದ ಹಿಡಿದು ವಕೀಲಮ್ಮನ ಬಳಿ ಹೋದೆ. ಆಕೆ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ಗಂಡನ ಪರವಾಗಿ ವಸ್ತು ಮಾರಬಹುದು, ಬಾಡಿಗೆಗೆ ಕೊಡಬಹುದು, ಕಚೇರಿ ಸುತ್ತಬಹುದು. ಅವನ ಎದುರು ಪಕ್ಷದಲ್ಲಿ ಕೂತು ಅವನ ಪರವಾಗಿಯೂ ತಲೆಯಾಡಿಸುವಂತಿಲ್ಲ ಎಂದರು. ನ್ಯಾಯಾಧೀಶರು ಒಪ್ಪಿಗೆ ಇದೆಯೇ ಎಂದು ಕೇಳಿದರೆ ಯಾರ ಬಾಯಿಂದ ಉತ್ತರ ಹೇಳುತ್ತೀರಿ ಎಂದೂ ಕೇಳಿದರು. ನಾನು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಈ ವಕೀಲಮ್ಮನಿಂದ ಇಂಥದ್ದೇ ಮಾತನ್ನು ನಾನು ಹಿಂದೆಯೂ ಕೇಳಿದ್ದೇನೆ. ಗ್ಯಾರೇಜನ್ನು ಬಡಗಿಗೆ ಬಾಡಿಗೆಗೆ ಕೊಟ್ಟಾಗ ನಿಮ್ಮ ಉದ್ದನೆಯ ಮೇಜನ್ನೂ ಮಾರಲು ಬರೆದಿದ್ದಿರಿ. ನನ್ನ ಹೊಲಿಗೆ ಕೆಲಸಕ್ಕೆ ಬಟ್ಟೆ ಕತ್ತರಿಸಲು ಹೇಳಿ ಮಾಡಿಸಿದ ಹಾಗಿತ್ತು, ನನಗೆ ತುಂಬಾ ಆಸೆಯಾಗಿತ್ತು. ಆದರೆ ನಿಮ್ಮ ವಸ್ತುವನ್ನು ನಿಮ್ಮ ಹೆಸರಿನಲ್ಲಿ ನನಗೇ ಮಾರಿಕೊಳ್ಳುವಂತಿಲ್ಲ, ಬೇಕಿದ್ದರೆ ಗಂಡನನ್ನೇ ಕೇಳಿ ಎಂದು ವಕೀಲಮ್ಮ ಅಂದಿದ್ದರು. ಕೇಳಿದ್ದರೆ ನೀವು ಸುಮ್ಮನೆ ಕೊಟ್ಟುಬಿಡುತ್ತಿದ್ದಿರಿ, ಗೊತ್ತು. ನಾನು ಬಾಯಿ ಬಿಡಲಿಲ್ಲ. ಮೇಜು ಬಡಗಿಯ ಪಾಲಾಯಿತು. ನಾನು ಈಗಲೂ ನೆಲದ ಮೇಲೆ ಬಟ್ಟೆ ಹರಡಿಕೊಳ್ಳುತ್ತೇನೆ, ಸಂಜೆಗೆ ಮಂಡಿ ಹಿಡಿದುಕೊಳ್ಳುತ್ತದೆ.

ಕಳೆದ ರಜೆಯಲ್ಲಿ ನೀವು ಲಾಡ್ಜಿನಲ್ಲಿ ಇಳಿದಿರಿ. ಮನೆಗೆ ಬನ್ನಿ ಎಂದು ಆಗಲೂ ನಾನು ಕರೆಯಲಿಲ್ಲ, ಕರೆಯಲಿ ಎಂದು ನೀವು ಕಾದಿರೋ ಇಲ್ಲವೋ ತಿಳಿಯದು.

ಹಾಗಾಗಿ ವಿಷಯ ಇಷ್ಟೆ. ನಿಮ್ಮ ಸಹಿ ನೀವೇ ಹಾಕಬೇಕು, ನ್ಯಾಯಾಲಯಕ್ಕೆ ನೀವೇ ಬರಬೇಕು. ಹಡಗು ದಡ ಮುಟ್ಟಿದ ಮೇಲೆ ಬನ್ನಿ. ನನ್ನ ಜಾಗವನ್ನೂ ಅಲ್ಲಿಯವರೆಗೆ ಖಾಲಿ ಬಿಟ್ಟಿರುತ್ತೇನೆ.

ಈ ಸಲ ಯಾರ ಪರವಾಗಿಯೂ ಅಲ್ಲದೆ,
ನೀವು 'ಕತ್ತರಿ' ಎಂದು ಕರೆಯುತ್ತಿದ್ದವಳು

ತಾ.ಕ.: ಅಧಿಕಾರ ಪಡೆದವರು ಕೊಟ್ಟವರಿಂದ ಏನನ್ನೂ ಮುಚ್ಚಿಡಬಾರದಂತೆ. ಅದಕ್ಕೇ ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀವೇ ಬರಬೇಕು ಎಂದದ್ದು ಪೂರ್ತಿ ನಿಜವಲ್ಲ. ನಿಮ್ಮ ತಮ್ಮನ ಹೆಸರಿಗೆ ಹೊಸ ಅಧಿಕಾರಪತ್ರ ಬರೆದುಕೊಟ್ಟರೆ ನ್ಯಾಯಾಲಯ ಒಪ್ಪಿದರೂ ಒಪ್ಪಬಹುದು ಎಂದು ವಕೀಲಮ್ಮ ಹೇಳಿದ್ದರು. ನಿಮ್ಮ ಪರವಾಗಿ ತಿಳಿಸಬೇಕಾದ್ದನ್ನು ತಿಳಿಸಿದ್ದೇನೆ. ಇನ್ನು ನನ್ನ ಪರವಾಗಿ ಒಂದು ಮಾತು: ತಮ್ಮನನ್ನು ಕಳಿಸಬೇಡಿ. ಲಾಡ್ಜಿನಲ್ಲೂ ಇಳಿಯಬೇಡಿ.